ಸರ್ ಎಲೈಜಾ ಇಂಪೆ ಮತ್ತು ನಂದಕುಮಾರನ ಮೊಕದ್ದಮೆ: ಒಂದು ಮರುವಿಮರ್ಶೆ

ಭಾರತದಲ್ಲಿ ಇಂಗ್ಲಿಷರ ಆಳ್ವಿಕೆಯ ಚರಿತ್ರೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಸರ್ ಎಲೈಜಾ ಇಂಪೆಯ ಪರಿಚಯವಾಗುವುದು ಸಾಮಾನ್ಯವಾಗಿ ಎರಡು ಮೂರು ವಾಕ್ಯಗಳಲ್ಲಿ ಮಾತ್ರ. ಮಹಾರಾಜ ನಂದಕುಮಾರನು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಮೇಲೆ ಲಂಚದ ಆರೋಪವನ್ನು ಹೊರಿಸಿದನು; ಹೇಸ್ಟಿಂಗ್ಸನ ಬಾಲ್ಯಸ್ನೇಹಿತನೂ ಕಲ್ಕತ್ತೆಯ ಮುಖ್ಯ ನ್ಯಾಯಾಧೀಶನೂ ಆಗಿದ್ದ ಇಂಪೆ ಖೋಟಾ ಪತ್ರದ ನೆವದಿಂದ ಅವನನ್ನು ಗಲ್ಲಿಗೇರಿಸಿದನು; ಹೇಸ್ಟಿಂಗ್ಸನು ಮುಂದೆ ಅವನಿಗೆ ದೊಡ್ಡ ಸಂಬಳದ ಮತ್ತೊಂದು ಹುದ್ದೆಯನ್ನು ಕೊಟ್ಟು ಋಣ ತೀರಿಸಿದನು. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಕಂಡುಬರುವುದು ಇಷ್ಟೇ. ಈ ಚಿತ್ರವು 1841ರಲ್ಲಿ ಮೆಕಾಲೆಯು ಹೇಸ್ಟಿಂಗ್ಸನನ್ನು ಕುರಿತು ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಬರೆದ ಪ್ರಬಂಧದಿಂದ ಹೊರಟು, ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಇಳಿದು ಬಂದುದು. ಮೆಕಾಲೆಯ ಶೈಲಿಯ ಬಲವೆಂದರೆ ಅವನು ಹೇಳಿದ್ದನ್ನು ಓದುಗನು ಪುರಾವೆ ಕೇಳದೆ ನಂಬುತ್ತಾನೆ. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ. ಆದುದರಿಂದ ಇಂಪೆಯ ಜೀವನವನ್ನೂ ವೃತ್ತಿಯನ್ನೂ ಆಧಾರಗಳ ಬೆಳಕಿನಲ್ಲಿ ಮತ್ತೊಮ್ಮೆ ಪರಿಶೀಲಿಸಿ, ಅವನ ಮೇಲಿನ ಯಾವ ಆರೋಪ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂಬುದನ್ನು ನೋಡುವುದು ಈ ಲೇಖನದ ಉದ್ದೇಶ.

ಬಂಗಾಳದ ನ್ಯಾಯಾಧೀಶನೊಬ್ಬನ ಕಥೆಗೂ ಕೋಲಾರದ ಸೀಮೆಗೂ ಏನು ಸಂಬಂಧವೆಂದು ನಮ್ಮ ಓದುಗರು ಕೇಳಬಹುದು. ಸಂಬಂಧ ನಾವು ಊಹಿಸುವುದಕ್ಕಿಂತ ಹತ್ತಿರದ್ದು. 1765ರಲ್ಲಿ ಕಂಪನಿಗೆ ಬಂಗಾಳದ ದಿವಾನಿ ದೊರೆತ ಮೇಲೆ ಲಂಡನ್ನಿನಲ್ಲಿ ಅದರ ಷೇರುಗಳ ಬೆಲೆ ವಿವೇಕವಿಲ್ಲದೆ ಏರಿತು. ಇತ್ತ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಗೂ ಮದರಾಸಿನ ಇಂಗ್ಲಿಷರಿಗೂ ಯುದ್ಧ ನಡೆದು, 1768ರಲ್ಲಿ ಕೋಲಾರ, ಮುಳಬಾಗಿಲು ಎರಡೂ ಇಂಗ್ಲಿಷರ ಕೈಸೇರಿದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಕರ್ನಲ್ ವುಡ್ಡನ ಸೈನ್ಯವು ಹೈದರನ ಕೈಗೆ ಸಿಕ್ಕಿ ನಾಶವಾಗುವುದರಲ್ಲಿತ್ತು. ಬಂಡೆಯೊಂದರ ಮೇಲೆ ಹತ್ತಿದ ಕ್ಯಾಪ್ಟನ್ ಬ್ರೂಕನು ಜನರಲ್ ಸ್ಮಿತ್ತನ ಸೈನ್ಯವೇ ಬಂದಿತೆಂದು ಕೂಗಿಸಿ ಉಪಾಯದಿಂದ ಅದನ್ನು ಉಳಿಸಿದನು. 1769ರ ಏಪ್ರಿಲಿನಲ್ಲಿ ಹೈದರನು ಮದರಾಸಿನ ಬಾಗಿಲಿಗೇ ಬಂದು ತನಗೆ ಬೇಕಾದ ಕೌಲನ್ನು ಬರೆಯಿಸಿಕೊಂಡನು. ಈ ಯುದ್ಧದ ಸುದ್ದಿ ಆ ವರ್ಷ ಲಂಡನ್ನನ್ನು ಮುಟ್ಟಿದೊಡನೆ ಷೇರುಗಳ ಬೆಲೆ ಕುಸಿಯಿತು. 1770ರ ಬಂಗಾಳದ ಕ್ಷಾಮ, ನೌಕರರ ದುರಾಸೆ, 1772ರ ಸಾಲದ ಬಿಕ್ಕಟ್ಟು ಇವೆಲ್ಲವೂ ಸೇರಿ ಕಂಪನಿಯು ಬ್ರಿಟಿಷ್ ಸರ್ಕಾರದ ಮುಂದೆ ಕೈಯೊಡ್ಡಬೇಕಾಯಿತು. ಸರ್ಕಾರವು ಹದಿನಾಲ್ಕು ಲಕ್ಷ ಪೌಂಡುಗಳ ಸಾಲವನ್ನು ಕೊಟ್ಟಿತು. ಅದರ ಜೊತೆಗೇ 1773ರ ನಿಯಂತ್ರಣ ಶಾಸನವನ್ನೂ ಹೇರಿತು. ಕಲ್ಕತ್ತೆಯ ಸುಪ್ರೀಂ ಕೋರ್ಟು ಈ ಶಾಸನದ ಶಿಶು. ಮುಳಬಾಗಿಲಿನ ಯುದ್ಧದಿಂದ ಆ ಕೋರ್ಟು ಹುಟ್ಟಿತೆಂದರೆ ಅತಿಶಯೋಕ್ತಿಯಾದೀತು. ಅದನ್ನು ಹುಟ್ಟಿಸಿದ ಬಿಕ್ಕಟ್ಟಿನ ಎಳೆಗಳಲ್ಲಿ ಒಂದು ನಮ್ಮ ನೆಲದಿಂದ ಹೋದುದು ಎಂದರೆ ಸಾಕು.

ಇಂಪೆಯು 1732ರ ಜೂನ್ 13ರಂದು ಲಂಡನ್ನಿನ ಬಳಿಯ ಹ್ಯಾಮರ್‌ಸ್ಮಿತ್ತಿನಲ್ಲಿ ವ್ಯಾಪಾರಸ್ಥನೊಬ್ಬನ ಕಿರಿಯ ಮಗನಾಗಿ ಜನಿಸಿದನು. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದುವಾಗ ಅದೇ ವರ್ಷ ಹುಟ್ಟಿದ ವಾರನ್ ಹೇಸ್ಟಿಂಗ್ಸನು ಅವನ ಸಹಪಾಠಿಯಾಗಿದ್ದನು. ಮುಂದಿನ ಐವತ್ತು ವರ್ಷಗಳ ಎಲ್ಲ ಆಪಾದನೆಗಳ ಬೇರು ಈ ಒಂದು ಸಂಗತಿಯಲ್ಲಿದೆ. ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಪದಕ ಗಳಿಸಿ ಫೆಲೋ ಆದನು. 1756ರಲ್ಲಿ ಲಿಂಕನ್ಸ್ ಇನ್ನಿನಿಂದ ವಕೀಲಿ ವೃತ್ತಿಗೆ ಪ್ರವೇಶಿಸಿದನು. 1772ರಲ್ಲಿ ಕಾಮನ್ಸ್ ಸಭೆಯ ಮುಂದೆ ಕಂಪನಿಯ ಪರವಾಗಿ ವಾದಿಸಿದನು. ಅಸಾಧಾರಣ ಪ್ರತಿಭೆಯ ವಕೀಲನೆಂದು ಯಾರೂ ಹೇಳಲಿಲ್ಲ. ಶ್ರಮಶೀಲ, ಜಾಗರೂಕ, ಕಾನೂನನ್ನು ಚೆನ್ನಾಗಿ ಬಲ್ಲವನು ಎಂಬುದನ್ನು ಅಲ್ಲಗಳೆದವರೂ ಇಲ್ಲ. 1774ರ ಸನ್ನದಿನಿಂದ ಅವನು ವರ್ಷಕ್ಕೆ 8,000 ಪೌಂಡುಗಳ ಸಂಬಳದ ಮುಖ್ಯ ನ್ಯಾಯಾಧೀಶನಾದನು. ಸರ್ ಪದವಿಯೂ ಬಂದಿತು. ರಾಬರ್ಟ್ ಚೇಂಬರ್ಸ್, ಸ್ಟೀಫನ್ ಸೀಸರ್ ಲಮೇಸ್ತ್ರ್, ಜಾನ್ ಹೈಡ್ ಎಂಬ ಮೂವರು 6,000 ಪೌಂಡುಗಳ ಸಂಬಳದ ಸಹನ್ಯಾಯಾಧೀಶರಾದರು. ಇವರಲ್ಲಿ ಚೇಂಬರ್ಸನು ಬ್ಲ್ಯಾಕ್‌ಸ್ಟನ್ನನ ತರುವಾಯ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಕಾನೂನಿನ ಪ್ರಾಧ್ಯಾಪಕನಾಗಿದ್ದ ವಿದ್ವಾಂಸ.

ನ್ಯಾಯಾಧೀಶರು 1774ರ ಅಕ್ಟೋಬರಿನಲ್ಲಿ ಕಲ್ಕತ್ತೆಯ ಚಾಂದಪಾಲ್ ಘಾಟಿನಲ್ಲಿ ಇಳಿದಾಗ ನಡೆಯಿತೆಂದು ಹೇಳುವ ಒಂದು ಕಥೆಯಿದೆ. ಬರಿಗಾಲಿನಲ್ಲಿ ನೆರೆದಿದ್ದ ಜನರನ್ನು ಕಂಡು ಅವರಲ್ಲೊಬ್ಬನು, ಇವರೆಲ್ಲ ದಬ್ಬಾಳಿಕೆಗೆ ಸಿಕ್ಕ ಬಡಪಾಯಿಗಳು, ನಮ್ಮ ಕೋರ್ಟು ಕೆಲಸಕ್ಕೆ ತೊಡಗಿ ಆರು ತಿಂಗಳೊಳಗೆ ಇವರ ಕಾಲಿಗೆ ಬೂಟು ಕಾಲುಚೀಲಗಳು ಬಂದಾವು ಎಂದು ಪಕ್ಕದವನಿಗೆ ಹೇಳಿದನಂತೆ. ಕಥೆ ನಿಜವಿರಲಿ ಇಲ್ಲದಿರಲಿ, ಆ ಕೋರ್ಟಿನ ಮನೋಧರ್ಮಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯಾನವಿಲ್ಲ.

ಶಾಸನವು ಕೋರ್ಟನ್ನು ಸ್ಥಾಪಿಸಿತೇ ಹೊರತು ಅದರ ಅಧಿಕಾರದ ಎಲ್ಲೆಯನ್ನು ತಿಳಿಯಾಗಿ ಗುರುತಿಸಲಿಲ್ಲ. ಬ್ರಿಟಿಷ್ ಪ್ರಜೆಗಳು, ಕಂಪನಿಯ ನೌಕರರು, ಅವರ ನೌಕರಿಯಲ್ಲಿದ್ದವರು ಕೋರ್ಟಿಗೆ ಒಳಪಟ್ಟವರೆಂದಿತು. ಕಂದಾಯ ವಸೂಲು ಮಾಡಿ ಕಂಪನಿಗೆ ಕಟ್ಟುವ ಜಮೀನ್ದಾರನು ಕಂಪನಿಯ ನೌಕರನೇ? ಇದಕ್ಕೆ ಉತ್ತರವಿರಲಿಲ್ಲ. ಗವರ್ನರ್ ಜನರಲನ ಕೌನ್ಸಿಲಿಗೆ ಆಡಳಿತವೂ ಕೋರ್ಟಿಗೆ ರಾಜನ ಹೆಸರಿನ ನ್ಯಾಯಾಧಿಕಾರವೂ ದೊರೆತುವು. ಇಬ್ಬರಲ್ಲಿ ಯಾರು ಮೇಲೆಂಬುದು ಬರವಣಿಗೆಯಲ್ಲಿರಲಿಲ್ಲ. ಇದರ ಮೇಲೆ ಕೌನ್ಸಿಲೇ ಇಬ್ಭಾಗವಾಗಿದ್ದಿತು. ನ್ಯಾಯಾಧೀಶರು ಬಂದ ದಿನಗಳಲ್ಲೇ ಇಂಗ್ಲೆಂಡಿನಿಂದ ಬಂದ ಕ್ಲೇವರಿಂಗ್, ಮಾನ್ಸನ್, ಫ್ರಾನ್ಸಿಸ್ ಎಂಬ ಮೂವರು ಸದಸ್ಯರು ಬಹುಮತದಿಂದ ಹೇಸ್ಟಿಂಗ್ಸನ ಕೈಯನ್ನು ಕಟ್ಟಿಹಾಕಿದರು.

ನಂದಕುಮಾರನು ಈ ಒಡಕನ್ನು ಬಳಸಿಕೊಂಡನು. ಅವನು ಬಂಗಾಳದ ನವಾಬರ ಕಾಲದಿಂದ ಅಧಿಕಾರ ನಡೆಸಿದ, ವಯಸ್ಸಾದ, ಕುಲೀನ ಬ್ರಾಹ್ಮಣ, ಹೂಗ್ಲಿಯ ಫೌಜುದಾರನಾಗಿದ್ದವನು. ಹೇಸ್ಟಿಂಗ್ಸನಿಗೂ ಅವನಿಗೂ ಹಳೆಯ ವೈರ. 1775ರ ಮಾರ್ಚ್ 11ರಂದು ಫ್ರಾನ್ಸಿಸನು ಕೌನ್ಸಿಲಿನ ಮುಂದೆ ನಂದಕುಮಾರನ ಕಾಗದವೊಂದನ್ನು ಇಟ್ಟನು. ನವಾಬನ ಮನೆತನದ ಮೇಲ್ವಿಚಾರಣೆಯನ್ನು ಮುನ್ನಿ ಬೇಗಮಳಿಗೂ ದಿವಾನಗಿರಿಯನ್ನು ನಂದಕುಮಾರನ ಮಗ ಗುರುದಾಸನಿಗೂ ಕೊಟ್ಟುದಕ್ಕಾಗಿ ಹೇಸ್ಟಿಂಗ್ಸನು 3,54,105 ರೂಪಾಯಿಗಳನ್ನು ತೆಗೆದುಕೊಂಡನೆಂದು ಅದರಲ್ಲಿದ್ದಿತು. ತನ್ನ ಅಧ್ಯಕ್ಷತೆಯ ಸಭೆಯಲ್ಲಿ ತಾನೇ ಆಪಾದಿತನಾಗಿ ಕೂಡಲು ಒಪ್ಪದೆ ಹೇಸ್ಟಿಂಗ್ಸನು ಎದ್ದುಹೋದನು. ಉಳಿದ ಬಹುಮತದವರು ಅವನು ಹಣ ಪಡೆದನೆಂದು ತೀರ್ಮಾನಿಸಿದರು. ಏಪ್ರಿಲಿನಲ್ಲಿ ನಂದಕುಮಾರನ ಮೇಲೆ ಒಳಸಂಚಿನ ಮೊಕದ್ದಮೆ ಹೂಡಲ್ಪಟ್ಟಿತು. ಮೇ 6ರಂದು, ತೀರಿಹೋಗಿದ್ದ ಬುಲಾಕಿದಾಸನೆಂಬ ಸಾಹುಕಾರನ ಆಸ್ತಿಯ ಪರವಾಗಿ ಮೋಹನಪ್ರಸಾದನೆಂಬವನು ತಂದ ಖೋಟಾ ಪತ್ರದ ಫಿರ್ಯಾದಿನ ಮೇಲೆ ಅವನು ದಸ್ತಗಿರಿಯಾದನು.

ಖೋಟಾ ಎನ್ನಲಾದ ಪತ್ರವು 1765ರ ತಾರೀಖಿನ, ಬುಲಾಕಿದಾಸನು ಬರೆದುಕೊಟ್ಟಂತಿದ್ದ 48,021 ಸಿಕ್ಕಾ ರೂಪಾಯಿಗಳ ತಮಸುಕು. ಅದರ ಮೇಲಿನ ಸಾಕ್ಷಿಮುದ್ರೆಗಳಲ್ಲೊಂದು ಕಮಾಲುದ್ದೀನನದು. ಆ ಮೊಹರು ಹಿಂದೆಯೇ ನಂದಕುಮಾರನ ವಶದಲ್ಲಿದ್ದಿತು, ತಾನು ಪತ್ರಕ್ಕೆ ಸಾಕ್ಷಿಯಾದುದೇ ಇಲ್ಲ ಎಂದು ಕಮಾಲುದ್ದೀನನು ಹೇಳಿದನು. ಆ ಕಮಾಲುದ್ದೀನನು ಬೇರೆಯವನು, ಈಗ ಬದುಕಿಲ್ಲ ಎಂಬುದು ಪ್ರತಿವಾದಿಯ ಉತ್ತರ. ವಿಚಾರಣೆಯು ಜೂನ್ 8ರಿಂದ 16ರ ಬೆಳಗಿನ ಜಾವದವರೆಗೆ ನಡೆಯಿತು. ನಾಲ್ವರು ನ್ಯಾಯಾಧೀಶರೂ ಪೀಠದಲ್ಲಿ ಕುಳಿತಿದ್ದರು; ಕಲ್ಕತ್ತೆಯ ಯೂರೋಪಿಯನ್ ನಿವಾಸಿಗಳಿಂದ ಆರಿಸಿದ ಹನ್ನೆರಡು ಜನ ಜೂರಿಯವರು. ಬಂಗಾಳದ ಬೇಸಿಗೆಯ ಕೊನೆಯ ದಿನಗಳಲ್ಲಿ ವಿಗ್ಗು ನಿಲುವಂಗಿಗಳನ್ನು ತೊಟ್ಟು ಅವರು ಅಷ್ಟು ದಿನ ಕುಳಿತುದೇ ಒಂದು ಸಾಹಸ. ಸಾಕ್ಷಿಗಳ ಮಾತು ದೇಶಭಾಷೆಗಳಲ್ಲಿ ಹೊರಟು ದುಭಾಷಿಯ ಬಾಯಿಂದ ಇಂಗ್ಲಿಷಾಗಿ ಜೂರಿಯನ್ನು ತಲುಪುತ್ತಿತ್ತು. ಅಂದಿನ ಇಂಗ್ಲಿಷ್ ಕಾನೂನಿನಂತೆ ಮರಣದಂಡನೆಯ ಅಪರಾಧದಲ್ಲಿ ಆಪಾದಿತನ ವಕೀಲನು ಸಾಕ್ಷಿಗಳನ್ನು ಪ್ರಶ್ನಿಸಬಹುದು, ಕಾನೂನಿನ ಅಂಶಗಳನ್ನು ವಾದಿಸಬಹುದು. ಜೂರಿಯನ್ನು ಉದ್ದೇಶಿಸಿ ತನ್ನ ಕಕ್ಷಿಯ ಪರವಾಗಿ ಭಾಷಣ ಮಾಡುವಂತಿರಲಿಲ್ಲ. ಇಂಗ್ಲೆಂಡಿನಲ್ಲಿಯೇ ಈ ಹಕ್ಕು ಬಂದುದು 1836ರಲ್ಲಿ. ಹೀಗಾಗಿ ನಂದಕುಮಾರನ ವಕೀಲ ಫ್ಯಾರರನು ಸಾಕ್ಷ್ಯದ ಒಟ್ಟು ಅರ್ಥವನ್ನು ಜೂರಿಯ ಮುಂದಿಡಲಾರದೆ ಕುಳಿತಿದ್ದನು. ಫಿರ್ಯಾದಿಯ ಕಡೆಯ ವಕೀಲನು ಸಮರ್ಥನಲ್ಲವೆಂದು ನ್ಯಾಯಾಧೀಶರೇ ಪ್ರತಿವಾದಿಯ ಸಾಕ್ಷಿಗಳನ್ನು ಕಟುವಾಗಿ ಪಾಟೀಸವಾಲು ಮಾಡಿದರು. ಜೂರಿ ಅಪರಾಧಿಯೆಂದಿತು. ಶಿಕ್ಷೆ ಮರಣ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೆಕಾಲೆಯು ಇವೆರಡನ್ನೂ ಒಂದೇ ಮೂಸೆಯಲ್ಲಿ ಕರಗಿಸಿಬಿಟ್ಟನು. ಮೊದಲನೆಯದು, ಹೇಸ್ಟಿಂಗ್ಸ್ ಮತ್ತು ಇಂಪೆ ಸೇರಿ ಹೂಡಿದ ಸಂಚಿನಿಂದ ಈ ಮೊಕದ್ದಮೆ ಹುಟ್ಟಿತೇ ಎಂಬುದು. 1869ರಿಂದ 1872ರವರೆಗೆ ವೈಸ್‌ರಾಯ್ ಕೌನ್ಸಿಲಿನ ಕಾನೂನು ಸದಸ್ಯನಾಗಿದ್ದ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ನನು 1885ರಲ್ಲಿ ಎರಡು ಸಂಪುಟಗಳ ಗ್ರಂಥವೊಂದನ್ನು ಬರೆದು, ವಿಚಾರಣೆಯ ಅಚ್ಚಾದ ವರದಿಯನ್ನು ಸಾಲುಸಾಲಾಗಿ ಪರಿಶೀಲಿಸಿ, ಅಂಥ ಸಂಚಿಗೆ ಆಧಾರವಿಲ್ಲವೆಂದೂ ಇಂಪೆಯು ಜೂರಿಗೆ ಹೇಳಿದ ಮಾತು ನ್ಯಾಯವಾಗಿದ್ದಿತೆಂದೂ ತೀರ್ಮಾನಿಸಿದನು. ಮರುವರ್ಷವೇ ಬಂಗಾಳದಲ್ಲಿ ಜಿಲ್ಲಾ ನ್ಯಾಯಾಧೀಶನಾಗಿದ್ದ ಹೆನ್ರಿ ಬೆವರಿಜ್ ಅದಕ್ಕೆ ಉತ್ತರ ಬರೆದು, ತಮಸುಕು ಖೋಟಾ ಅಲ್ಲವೇ ಅಲ್ಲ, ಇದು ನ್ಯಾಯದ ಹೆಸರಿನ ಕೊಲೆ ಎಂದನು. ಸ್ಟೀಫನ್ನನು ವಕೀಲನ ದೃಷ್ಟಿಯಿಂದ ಬರೆದನು. ಬೆವರಿಜ್ಜನಿಗೆ ಬಂಗಾಳದ ಜನ, ಭಾಷೆ, ದಾಖಲೆಗಳ ಪರಿಚಯ ಹೆಚ್ಚು. ಇಬ್ಬರನ್ನೂ ಓದಿದ ಮೇಲೆ ನನಗೆ ತೋರುವುದಿಷ್ಟು: ಹೇಸ್ಟಿಂಗ್ಸನ ಕಡೆಯವರು ಮೋಹನಪ್ರಸಾದನಿಗೆ ಬೆಂಬಲ ಕೊಟ್ಟಿರಬಹುದು, ಹಳೆಯ ಜಗಳವೊಂದು ಸರಿಯಾದ ಹೊತ್ತಿಗೆ ಸರಿಯಾದ ಕೋರ್ಟನ್ನು ಹುಡುಕಿಕೊಂಡಿತು ಎಂಬುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇಂಪೆಯು ಆ ಸಂಚಿನಲ್ಲಿ ಪಾಲುಗಾರನೆಂಬುದಕ್ಕೆ ಸಾಕ್ಷ್ಯವಿಲ್ಲ. ದಸ್ತಗಿರಿ ಮಾಡಿಸಿದವರು ಲಮೇಸ್ತ್ರ್ ಮತ್ತು ಹೈಡ್. ವಿಚಾರಣೆ ಮಾಡಿದವರು ನಾಲ್ವರು. ತೀರ್ಪು ಕೊಟ್ಟವರು ಹನ್ನೆರಡು ಜನ. ಇಷ್ಟು ಜನರನ್ನೂ ಒಬ್ಬನ ಬಾಲ್ಯಸ್ನೇಹವು ಕುಣಿಸಿತೆಂದು ಹೇಳಲು ಮೆಕಾಲೆಯ ಧೈರ್ಯ ಬೇಕು.

ಎರಡನೆಯ ಪ್ರಶ್ನೆ ಬೇರೆ ಜಾತಿಯದು. ಈ ಅಪರಾಧಕ್ಕೆ ಈ ಮನುಷ್ಯನನ್ನು ಕೊಲ್ಲುವ ಕಾನೂನು ಕಲ್ಕತ್ತೆಯಲ್ಲಿ ಇದ್ದಿತೇ? ನಂದಕುಮಾರನ ಮೇಲೆ ಪ್ರಯೋಗಿಸಿದುದು ಎರಡನೆಯ ಜಾರ್ಜನ ಕಾಲದ 1729ರ ಶಾಸನ. ಬ್ಯಾಂಕು ಹುಂಡಿಗಳ ವ್ಯವಹಾರ ಬೆಳೆದಿದ್ದ ಇಂಗ್ಲೆಂಡಿನ ವಾಣಿಜ್ಯದ ರಕ್ಷಣೆಗೆಂದು ಮಾಡಿದ ಶಾಸನವದು. ಕಲ್ಕತ್ತೆಗೆ ಇಂಗ್ಲಿಷ್ ಕಾನೂನು ಬಂದುದು 1726ರ ಸನ್ನದಿನಿಂದ. ಅದರ ಅನಂತರ ಪಾರ್ಲಿಮೆಂಟು ಮಾಡಿದ ಶಾಸನಗಳು ತಾವಾಗಿ ಇಲ್ಲಿಗೆ ಅನ್ವಯಿಸುವುದಿಲ್ಲ ಎಂಬ ತತ್ತ್ವವು ಮುಂದೆ ನ್ಯಾಯಾಲಯಗಳಲ್ಲಿ ನೆಲೆಗೊಂಡಿತು. 1753ರ ಸನ್ನದು ಕಾನೂನನ್ನು ಮತ್ತೆ ತಂದಿತೆಂಬ ವಾದದಿಂದ ಇಂಪೆಯನ್ನು ಸಮರ್ಥಿಸಬಹುದು; ಆದರೆ ಸಂದೇಹವಿದ್ದಿತೆಂಬುದನ್ನು ಅವನೂ ಬಲ್ಲನು, ಏಕೆಂದರೆ ಪೀಠದಲ್ಲಿಯೇ ಆ ಸಂದೇಹವೆದ್ದಿತು. ಮರಣದಂಡನೆಯಿಲ್ಲದ ಎಲಿಜಬೆತ್ ರಾಣಿಯ ಕಾಲದ ಶಾಸನದ ಮೇರೆಗೆ ವಿಚಾರಣೆ ನಡೆಸೋಣವೆಂದು ಚೇಂಬರ್ಸನು ಸೂಚಿಸಿದನು. ಉಳಿದ ಮೂವರು ಒಪ್ಪಲಿಲ್ಲ. ಚೇಂಬರ್ಸನೂ ಕೊನೆಗೆ ಅವರ ಜೊತೆಯಲ್ಲೇ ಉಳಿದನು.

ಇದಲ್ಲದೆ ಕೃತ್ಯ ನಡೆಯಿತೆಂದು ಹೇಳಿದ ಕಾಲ 1770. ಆಗ ಈ ಕೋರ್ಟೇ ಇರಲಿಲ್ಲ. ದೇಶದ ಜನರ ಕಣ್ಣಿನಲ್ಲಿ ಸಾಲಪತ್ರವನ್ನು ತಿದ್ದುವುದು ತಪ್ಪೇ ಆಗಿದ್ದರೂ ತಲೆ ಹೋಗುವ ತಪ್ಪಾಗಿರಲಿಲ್ಲ. ರಾಜಶಾಸನವನ್ನು ಕೃತಕವಾಗಿ ಸೃಷ್ಟಿಸುವವನಿಗೆ ಮನುಸ್ಮೃತಿ ವಧದಂಡವನ್ನು ವಿಧಿಸುತ್ತದೆ; ಸಾಹುಕಾರರ ಲೇವಾದೇವಿಯ ಪತ್ರಕ್ಕೆ ಆ ಮಾತಿಲ್ಲ. ಕಲ್ಕತ್ತೆಯಲ್ಲಿಯೇ 1765ರಲ್ಲಿ ರಾಧಾಚರಣ ಮಿತ್ರನೆಂಬವನಿಗೆ ಖೋಟಾ ಪತ್ರದ ಅಪರಾಧಕ್ಕೆ ಮರಣದಂಡನೆ ವಿಧಿಸಿದಾಗ, ಊರಿನ ಪ್ರಮುಖರು ಬೆರಗಾಗಿ ಅರ್ಜಿ ಬರೆದುಕೊಂಡರು. ಅವನ ಪ್ರಾಣ ಉಳಿಯಿತು. ಕಾನೂನು ಪುಸ್ತಕದಲ್ಲಿದ್ದರೂ ಅದನ್ನು ಕೊನೆಯವರೆಗೆ ನಡೆಸುವುದಿಲ್ಲವೆಂದು ಜನ ತಿಳಿಯಲು ಕಾರಣವಿದ್ದಿತು.

ಸನ್ನದಿನಲ್ಲಿಯೇ ಇದಕ್ಕೆ ದಾರಿ ಇದ್ದಿತು. ಶಿಕ್ಷೆಯನ್ನು ತಡೆಹಿಡಿದು ದೊರೆಯ ಕ್ಷಮೆಗೆ ಶಿಫಾರಸು ಮಾಡುವ ಅಧಿಕಾರವನ್ನು ಕೋರ್ಟಿಗೆ ಸ್ಪಷ್ಟವಾಗಿ ಕೊಡಲಾಗಿತ್ತು. ಇಂಥ ಸಂದರ್ಭಕ್ಕೆಂದೇ ಇಟ್ಟ ಅಧಿಕಾರವದು: ಪರದೇಶದ ಕಾನೂನು, ಸಂದಿಗ್ಧವಾದ ಅನ್ವಯ, ಗವರ್ನರ್ ಜನರಲನ ಮೇಲೆ ಆರೋಪ ಹೊರಿಸಿ ಎರಡು ತಿಂಗಳಾಗುವುದರೊಳಗೆ ದಸ್ತಗಿರಿಯಾದ ಆಪಾದಿತ. ಫ್ಯಾರರನು ಅಪೀಲಿಗೆ ಅನುಮತಿ ಬೇಡಿದನು, ದೊರೆಯಲಿಲ್ಲ. ಶಿಕ್ಷೆಯನ್ನು ತಡೆಯಬೇಕೆಂದು ಬಂಗಾಳದ ನವಾಬನೂ ಬರೆದನು. ಇಂಪೆಯು ಕದಲಲಿಲ್ಲ. ಪ್ರತಿವಾದಿಯ ಸಾಕ್ಷಿಗಳು ಸುಳ್ಳು ಹೇಳಿ ಅಪರಾಧವನ್ನು ಇಮ್ಮಡಿ ಮಾಡಿದರೆಂದೂ, ಇಷ್ಟು ದೊಡ್ಡ ಮನುಷ್ಯನು ತಪ್ಪಿಸಿಕೊಂಡಿದ್ದರೆ ನ್ಯಾಯವು ಹಣಕ್ಕೆ ಸಿಕ್ಕುವುದೆಂದು ಜನ ನಂಬುತ್ತಿದ್ದರೆಂದೂ ಅವನು ಮುಂದೆ ಸಮರ್ಥಿಸಿಕೊಂಡನು. ಈ ಸಮರ್ಥನೆಯೇ ಅವನ ವಿರುದ್ಧದ ಅತ್ಯಂತ ಗಟ್ಟಿಯಾದ ಸಾಕ್ಷ್ಯವೆಂದು ನನ್ನ ಅಭಿಪ್ರಾಯ. ಮುಂದಿರುವ ಮನುಷ್ಯನನ್ನು ಬಿಟ್ಟು ಕೋರ್ಟಿನ ಪ್ರತಿಷ್ಠೆಯನ್ನು ನೋಡುತ್ತ ಅವನು ಶಿಕ್ಷೆಯನ್ನು ನಡೆಸಿದನು. ಲಂಚಕೋರನು ಇದನ್ನು ಮಾಡುವುದಿಲ್ಲ. ಹೊಸ ಕೋರ್ಟಿನ ಅಹಂಕಾರವುಳ್ಳ ಪ್ರಾಮಾಣಿಕನು ಮಾಡುತ್ತಾನೆ. ಮತ್ತು ಆ ತಪ್ಪಿನಲ್ಲಿ ನಾಲ್ವರಿಗೂ ಸಮಪಾಲಿದೆ.

1775ರ ಆಗಸ್ಟ್ 5ರಂದು ನಂದಕುಮಾರನನ್ನು ಕೋಟೆಯ ಹತ್ತಿರದ ಕೂಲಿಬಜಾರಿನಲ್ಲಿ ಗಲ್ಲಿಗೇರಿಸಲಾಯಿತು. ಆಗ ಷೆರೀಫನಾಗಿದ್ದ ಮ್ಯಾಕ್ರೇಬಿಯು, ಫ್ರಾನ್ಸಿಸನ ಮೈದುನನೇ ಇವನು, ಆ ಕೊನೆಯ ಗಂಟೆಗಳ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಮುದುಕನು ಎಳ್ಳಷ್ಟೂ ಅಳುಕಲಿಲ್ಲ. ಕ್ಲೇವರಿಂಗ್ ಮುಂತಾದವರಿಗೆ ನಮಸ್ಕಾರ ತಿಳಿಸಲು ಹೇಳಿ, ಮಗ ಗುರುದಾಸನನ್ನು ಕಾಪಾಡುವಂತೆ ಕೇಳಿಕೊಂಡನು.

ಆ ನಮಸ್ಕಾರವನ್ನು ಪಡೆದವರ ನಡತೆ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಕೌನ್ಸಿಲಿನ ಬಹುಮತವು ಅವರದು. ನಂದಕುಮಾರನನ್ನು ಮುಂದಕ್ಕೆ ತಳ್ಳಿದವರೂ ಅವರೇ. ಗಲ್ಲಿಗೆ ಹಿಂದಿನ ದಿನ ನಂದಕುಮಾರನ ಒಂದು ಅರ್ಜಿ ಕ್ಲೇವರಿಂಗನ ಕೈಸೇರಿತು. ಅವನು ಅದನ್ನು ಆ ದಿನ ತೆರೆಯಲಿಲ್ಲ. ಶಿಕ್ಷೆ ಮುಗಿದ ಮೇಲೆ ತೆರೆದು ಆಗಸ್ಟ್ 14ರಂದು ಕೌನ್ಸಿಲಿನ ಮುಂದಿಟ್ಟನು. ನ್ಯಾಯಾಧೀಶರು ತನ್ನನ್ನು ಅನ್ಯಾಯವಾಗಿ ಕೊಲ್ಲುತ್ತಿದ್ದಾರೆಂದು ಅದರಲ್ಲಿದ್ದಿತು. ಫ್ರಾನ್ಸಿಸನು ಆಗ ಏನು ಮಾಡಿದನು? ಅದು ನ್ಯಾಯಾಧೀಶರ ಮಾನಹಾನಿ ಮಾಡುವ ಬರಹವೆಂದು ಸಾರಿ, ಸರ್ಕಾರಿ ಗಲ್ಲುಗಾರನ ಕೈಯಿಂದ ಬಹಿರಂಗವಾಗಿ ಸುಡಿಸಬೇಕೆಂದು ಸೂಚಿಸಿದನು, ಹಾಗೆಯೇ ಆಯಿತು. ಹದಿಮೂರು ವರ್ಷಗಳ ಬಳಿಕ ಅದೇ ಫ್ರಾನ್ಸಿಸನು ಪಾರ್ಲಿಮೆಂಟಿನಲ್ಲಿ ಇಂಪೆಯ ವೈರಿಗಳ ಬೆನ್ನಿಗಿದ್ದನು. ಹೇಸ್ಟಿಂಗ್ಸನು ಗೋಪ್ಯವಾಗಿ ಆ ಅರ್ಜಿಯ ಪ್ರತಿಯನ್ನು ಇಂಪೆಗೆ ಕೊಟ್ಟಿದ್ದುದರಿಂದ ಈ ಸಂಗತಿ ಬೆಳಕಿಗೆ ಬಂದಿತು. ಸತ್ತವನ ಪರವಾಗಿ ಆಮೇಲೆ ಕಣ್ಣೀರು ಸುರಿಸಿದವರು, ಬದುಕಿದ್ದಾಗ ಅವನಿಗಾಗಿ ಒಂದು ಠರಾವನ್ನೂ ಮಾಡಲಿಲ್ಲವೆಂಬುದು ಮಾತ್ರ ದಾಖಲೆಗಳಿಂದ ನಿಶ್ಚಿತ.

ಮುಂದಿನ ವರ್ಷಗಳಲ್ಲಿ ಕೋರ್ಟಿಗೂ ಕಂಪನಿ ಸರ್ಕಾರಕ್ಕೂ ನಡೆದ ಘರ್ಷಣೆಯಲ್ಲಿ ಇಂಪೆಯು ಹೇಸ್ಟಿಂಗ್ಸನ ಕೈಗೊಂಬೆಯೆಂಬ ಮಾತು ತಾನಾಗಿ ಬೀಳುತ್ತದೆ. ಪಾಟ್ನಾ ಮೊಕದ್ದಮೆಯಲ್ಲಿ ಸತ್ತ ಸರದಾರನೊಬ್ಬನ ಆಸ್ತಿಗಾಗಿ ವಿಧವೆ ನಾದಿರಾ ಬೇಗಂ ಮತ್ತು ಸೋದರನ ಮಗ ಬಹಾದುರ್ ಬೇಗ್ ಹೋರಾಡಿದರು. ಕಂಪನಿಯ ಪಾಟ್ನಾ ಕೌನ್ಸಿಲು ತನ್ನ ಕರ್ತವ್ಯವನ್ನು ಕಾಜಿ ಮುಫ್ತಿಗಳಿಗೆ ವಹಿಸಿಬಿಟ್ಟಿತ್ತು. ಅಧಿಕಾರವನ್ನು ಹಾಗೆ ವಹಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 1779ರಲ್ಲಿ ವಿಧವೆಗೆ ಮೂರು ಲಕ್ಷ ರೂಪಾಯಿಗಳ ಪರಿಹಾರ ವಿಧಿಸಿತು. ತತ್ತ್ವ ಸರಿಯಾದುದೇ. ಆದರೆ ತಮ್ಮ ಶಾಸ್ತ್ರದಂತೆ ನಡೆದುಕೊಂಡ ಮುಫ್ತಿಗಳು ಸೆರೆಮನೆ ಸೇರಿದರು. ಮುದಿ ಕಾಜಿಯು ಕಲ್ಕತ್ತೆಗೆ ಸಾಗಿಸುವಾಗ ದಾರಿಯಲ್ಲಿಯೇ ತೀರಿಕೊಂಡನು. ಕಾಸಿಜೋರಾದ ಮೊಕದ್ದಮೆಯಲ್ಲಂತೂ ವಿಷಯ ಆಯುಧಗಳವರೆಗೆ ಹೋಯಿತು. ಜಮೀನ್ದಾರನ ಮೇಲೆ ಸಾಲಗಾರನು ಹೂಡಿದ ದಾವೆಗೆ ಕೋರ್ಟು ಷೆರೀಫನ ಜನರನ್ನು ಕಳುಹಿಸಿತು. 1779ರ ಕೊನೆಯಲ್ಲಿ ಕೌನ್ಸಿಲು ಸಿಪಾಯಿಗಳನ್ನು ಕಳುಹಿಸಿ ಅವರನ್ನೇ ಹಿಡಿಸಿತು. ಕೋರ್ಟು ಗವರ್ನರ್ ಜನರಲನಿಗೇ ಸಮನ್ಸು ಹೊರಡಿಸಿತು, ಅವನು ಬರಲಿಲ್ಲ. ಒಂದೇ ರಾಜ್ಯದಲ್ಲಿ ಎರಡು ಸರ್ಕಾರಗಳು.

ಈ ಜಗಳ ಬಿಸಿಯಾಗಿದ್ದಾಗಲೇ ಹೈದರಾಲಿಯು ಮತ್ತೊಮ್ಮೆ ರಂಗಕ್ಕೆ ಬಂದನು. 1780ರ ಜುಲೈಯಲ್ಲಿ ಅವನು ಕರ್ನಾಟಕದ ಬಯಲಿಗೆ, ಎಂದರೆ ಆರ್ಕಾಟಿನ ಸೀಮೆಗೆ, ಇಳಿದನು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಬೇಲಿಯ ಸೈನ್ಯ ನಾಶವಾಯಿತು. ಹೇಸ್ಟಿಂಗ್ಸನು ಐರ್ ಕೂಟನನ್ನು ಹಣ ಸೈನ್ಯಗಳೊಡನೆ ಮದರಾಸಿಗೆ ಅಟ್ಟಬೇಕಾಗಿತ್ತು. ಮನೆಯೊಳಗಿನ ಜಗಳವನ್ನು ಮುಗಿಸದೆ ಅದು ಕಷ್ಟ. ಅದೇ ಅಕ್ಟೋಬರಿನಲ್ಲಿ ಅವನು ಕಂಪನಿಯ ಸದರ್ ದಿವಾನಿ ಅದಾಲತಿನ ಮುಖ್ಯಸ್ಥಾನವನ್ನು ಇಂಪೆಗೆ ಕೊಡಿಸಿದನು. ತಿಂಗಳಿಗೆ 5,000 ರೂಪಾಯಿ ಸಂಬಳ, 600 ರೂಪಾಯಿ ಕಚೇರಿಯ ಬಾಡಿಗೆ. ರಾಜನ ಕೋರ್ಟಿನ ಮುಖ್ಯಸ್ಥನೇ ಕಂಪನಿಯ ಕೋರ್ಟಿನ ಮುಖ್ಯಸ್ಥನೂ ಆದಮೇಲೆ ಇಬ್ಬರ ಹೋರಾಟ ತಾನಾಗಿ ನಿಂತಿತು. ಇದನ್ನು ನಂದಕುಮಾರನ ರಕ್ತದ ಬೆಲೆಯೆನ್ನುವುದು ಸಲ್ಲದು; ನಡುವೆ ಐದು ವರ್ಷಗಳ ಕಹಿಯಾದ ಜಗಳವಿದೆ. ಆದರೆ ಕಂಪನಿಯ ಅತಿರೇಕಗಳನ್ನು ತಡೆಯುವುದಕ್ಕಾಗಿಯೇ ರಾಜನಿಂದ ನೇಮಕವಾದ ನ್ಯಾಯಾಧೀಶನು, ಕಂಪನಿಯು ಮನಸ್ಸು ಬಂದಾಗ ಕಿತ್ತುಕೊಳ್ಳಬಹುದಾದ ಸಂಬಳಕ್ಕೆ ಒಪ್ಪಿಕೊಂಡನು. ಇಂಗ್ಲೆಂಡಿನ ಒಪ್ಪಿಗೆ ಬರುವವರೆಗೆ ಆ ಹಣವನ್ನು ತನ್ನದೆಂದು ಭಾವಿಸುವುದಿಲ್ಲವೆಂದು ಅವನು ಹೇಳಿದ್ದನೆಂಬುದು ನಿಜ, ಸ್ಥಾನವನ್ನೇ ಒಪ್ಪಬಾರದಾಗಿತ್ತು. ಚೇಂಬರ್ಸ್ ಮತ್ತು ಹೈಡರ ಮನಸ್ಸೂ ಇದರಿಂದ ಕದಡಿತು.

ಆ ಸ್ಥಾನದಲ್ಲಿ ಅವನು ಮಾಡಿದ ಕೆಲಸ ಮಾತ್ರ ಉಳಿಯುವಂಥದು. ಪ್ರಾಂತ್ಯದ ದಿವಾನಿ ಅದಾಲತುಗಳು ಹೇಗೆ ನಡೆಯಬೇಕೆಂಬುದನ್ನು 95 ಕಲಮುಗಳಲ್ಲಿ ಒಟ್ಟುಗೂಡಿಸಿ 1781ರಲ್ಲಿ ನಿಯಮಾವಳಿಯನ್ನು ರಚಿಸಿದನು. ದಾವೆ ಹೂಡುವ ಬಗೆ, ಜವಾಬು, ಸಾಕ್ಷ್ಯ, ಫೈಸಲು, ಅಪೀಲು ಎಲ್ಲವೂ ಅದರಲ್ಲಿವೆ. ಜೊನಾಥನ್ ಡಂಕನ್ನನು ಮಾಡಿದ ಅದರ ಬಂಗಾಳಿ ಅನುವಾದ 1785ರಲ್ಲಿ ಅಚ್ಚಾಯಿತು. ಬಂಗಾಳಿಯ ಮೊದಲ ಮುದ್ರಿತ ಪುಸ್ತಕಗಳಲ್ಲಿ ಅದೂ ಒಂದು. ಇಂದಿಗೂ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕೋರ್ಟು ಆವರಣದಲ್ಲಿ ನಿಂತರೆ ವಕಾಲತ್ತು, ತಕರಾರು, ಅಮೀನ, ಜಪ್ತಿ, ವಾಯಿದೆ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಮೊಗಲ್ ದಫ್ತರಿನ ಈ ಶಬ್ದಗಳೂ ಇಂಗ್ಲಿಷ್ ಕೋರ್ಟಿನ ಕ್ರಮವೂ ಒಂದೇ ಲಿಖಿತ ನಿಯಮಾವಳಿಯಲ್ಲಿ ಬೆರೆತುದರ ಆರಂಭದ ಉದಾಹರಣೆಗಳಲ್ಲಿ ಇಂಪೆಯದು ಮುಖ್ಯವಾದುದು. 1859ರ ದಿವಾಣಿ ವ್ಯವಹಾರ ಸಂಹಿತೆಯವರೆಗಿನ ಸಾಲು ಅಲ್ಲಿಂದ ಹೊರಡುತ್ತದೆ.

1781ರಲ್ಲಿ ಪಾರ್ಲಿಮೆಂಟು ಕೋರ್ಟಿನ ಅಧಿಕಾರವನ್ನು ಕತ್ತರಿಸಿ, ಕಂದಾಯದ ವಿಷಯವನ್ನೂ ಜಮೀನ್ದಾರರನ್ನೂ ಅದರಿಂದ ಹೊರಗಿಟ್ಟಿತು. ಹಿಂದೂಗಳ ಮತ್ತು ಮುಸಲ್ಮಾನರ ದಾಯಭಾಗ, ಒಪ್ಪಂದಗಳಿಗೆ ಅವರವರ ಕಾನೂನನ್ನೇ ಅನುಸರಿಸಬೇಕೆಂದಿತು. 1782ರ ಮೇ ತಿಂಗಳಲ್ಲಿ ಸದರ್ ದಿವಾನಿ ಹುದ್ದೆಯ ಕಾರಣದಿಂದ ಇಂಪೆಯನ್ನು ಹಿಂದಕ್ಕೆ ಕರೆಸಬೇಕೆಂದು ಕಾಮನ್ಸ್ ಸಭೆ ನಿರ್ಣಯಿಸಿತು. ಆ ವರ್ಷದ ಡಿಸೆಂಬರಿನಲ್ಲಿ ಹೈದರನು ಚಿತ್ತೂರಿನ ಬಳಿ ಮರಣಹೊಂದಿ, ಅವನ ಶರೀರವನ್ನು ಕೆಲಕಾಲ ಕೋಲಾರದಲ್ಲಿ ತಂದೆಯ ಗೋರಿಯ ಕಟ್ಟಡದಲ್ಲಿರಿಸಿದ್ದರು; ಮುಂದಿನ ವರ್ಷದ ಕೊನೆಯಲ್ಲಿ ಇಂಪೆಯು ಕಲ್ಕತ್ತೆಯನ್ನು ಬಿಟ್ಟನು.

1787ರ ಡಿಸೆಂಬರಿನಲ್ಲಿ ಸರ್ ಗಿಲ್ಬರ್ಟ್ ಎಲಿಯಟ್ಟನು ಅವನ ಮೇಲೆ ಆರು ಆಪಾದನೆಗಳನ್ನು ಮಂಡಿಸಿದನು: ನಂದಕುಮಾರ, ಪಾಟ್ನಾ, ಅಧಿಕಾರದ ಅತಿಕ್ರಮ, ಕಾಸಿಜೋರಾ, ಸದರ್ ದಿವಾನಿ, ಮತ್ತು 1781ರಲ್ಲಿ ಹೇಸ್ಟಿಂಗ್ಸನಿಗಾಗಿ ಲಕ್ನೋವಿಗೆ ಹೋಗಿ ಪಡೆದ ಪ್ರಮಾಣಪತ್ರಗಳು. ಕೊನೆಯದು ಮುಖ್ಯ ನ್ಯಾಯಾಧೀಶನ ಘನತೆಗೆ ಒಪ್ಪದ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ. ವಿಚಾರಣೆಯಲ್ಲಿ ನಂದಕುಮಾರನ ಮಾತುಗಳನ್ನು ಇಂಗ್ಲಿಷಿಗೆ ತಂದ ದುಭಾಷಿ ಅಲೆಕ್ಸಾಂಡರ್ ಎಲಿಯಟ್ಟನು ಈ ಗಿಲ್ಬರ್ಟನ ಒಡಹುಟ್ಟಿದವನೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು. 1788ರ ಫೆಬ್ರವರಿ 4ರಂದು ಇಂಪೆಯು ಕಾಮನ್ಸ್ ಸಭೆಯ ಮುಂದೆ ನಿಂತು, ಬರೆದುಕೊಂಡ ಭಾಷಣವಿಲ್ಲದೆಯೇ ಉತ್ತರ ಕೊಟ್ಟನು. ಸುಟ್ಟುಹೋದ ಅರ್ಜಿಯ ಪ್ರತಿಯನ್ನು ಆಗ ಹೊರಗಿಟ್ಟನು. ಮೇ 9ರಂದು ಮೊದಲನೆಯ ಆಪಾದನೆಗೆ 55 ಮತಗಳು ಪರವಾಗಿಯೂ 73 ವಿರೋಧವಾಗಿಯೂ ಬಂದುವು. ಉಳಿದ ಆಪಾದನೆಗಳೂ ಅಲ್ಲಿಗೇ ನಿಂತುವು.

ಮೆಕಾಲೆಯ ವಿಷಯದಲ್ಲಿ ಇನ್ನೊಂದು ಮಾತು. 1834ರಿಂದ 1838ರವರೆಗೆ ಅವನೂ ಕಲ್ಕತ್ತೆಯಲ್ಲಿದ್ದು ಕಾನೂನು ಆಯೋಗದ ಅಧ್ಯಕ್ಷನಾಗಿ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದನು. ಆ ಕರಡಿನಿಂದ ಬೆಳೆದು 1860ರಲ್ಲಿ ಶಾಸನವಾಗಿ 2024ರ ಜೂನ್ ಕೊನೆಯವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯಲ್ಲಿ, ಬೆಲೆಯುಳ್ಳ ಪತ್ರದ ಖೋಟಾಕ್ಕೆ ಅತಿ ಹೆಚ್ಚಿನ ಶಿಕ್ಷೆ ಜೀವಾವಧಿ; ಮರಣವಲ್ಲ. ಇಂಗ್ಲೆಂಡಿನಲ್ಲಿಯೂ 1837ರ ಹೊತ್ತಿಗೆ ಈ ಅಪರಾಧಕ್ಕೆ ಗಲ್ಲು ಪೂರ್ಣವಾಗಿ ಹೋಗಿತ್ತು. ಕಾನೂನಿನ ದೋಷವನ್ನು ಮೆಕಾಲೆಯಷ್ಟು ಚೆನ್ನಾಗಿ ಬಲ್ಲವನಿರಲಿಲ್ಲ. ಹಾಗಿದ್ದೂ ಪ್ರಬಂಧ ಬರೆಯುವಾಗ ಅವನು ದೋಷದ ಭಾರವನ್ನೆಲ್ಲ ಒಬ್ಬ ವ್ಯಕ್ತಿಯ ನೀಚತನದ ಮೇಲೆ ಹೊರಿಸಿದನು; ಓದುವುದಕ್ಕೆ ಅದು ಸೊಗಸು.

ಇಂಪೆಯು 1790ರಿಂದ ಆರು ವರ್ಷ ನ್ಯೂ ರಾಮ್ನಿಯ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿದ್ದನು. ಯುದ್ಧ ನಿಂತಿದ್ದಾಗ ಫ್ರಾನ್ಸಿಗೆ ಹೋಗಿ, ಅದು ಮತ್ತೆ ಹತ್ತಿಕೊಂಡಾಗ ನೆಪೋಲಿಯನ್ನನ ತಡೆಗೆ ಸಿಕ್ಕಿ, 1804ರಲ್ಲಿ ಬಿಡುಗಡೆಯಾಗಿ ಬಂದನು. ಅವನ ಹೆಂಡತಿ ಮೇರಿಯು ಕಲ್ಕತ್ತೆಯಲ್ಲಿ ಶೇಖ್ ಜೈನುದ್ದೀನ್, ಭವಾನಿದಾಸ್, ರಾಮದಾಸ್ ಎಂಬ ಪಾಟ್ನಾದ ಕಲಾವಿದರಿಂದ ಬರೆಯಿಸಿದ ಪಕ್ಷಿಗಳ ಚಿತ್ರಗಳು ಇಂದು ಗಂಡನ ತೀರ್ಪುಗಳಿಗಿಂತ ಹೆಚ್ಚಿನ ಪ್ರಶಂಸೆಯನ್ನು ಪಡೆದಿವೆ. 1809ರ ಅಕ್ಟೋಬರ್ 1ರಂದು ಸಸೆಕ್ಸಿನ ನ್ಯೂವಿಕ್ ಪಾರ್ಕಿನಲ್ಲಿ ಅವನು ಕಾಲವಾದನು. ಮಗ ಎಲೈಜಾ ಬಾರ್ವೆಲ್ ಇಂಪೆಯು ಮೆಕಾಲೆಗೆ ಉತ್ತರವಾಗಿ 1846ರಲ್ಲಿ ತಂದೆಯ ಚರಿತ್ರೆಯನ್ನು ಪ್ರಕಟಿಸಿದನು. ಮಗನ ಮಮತೆಯಿಂದ ಬರೆದುದಾದ್ದರಿಂದ ಅದನ್ನು ಓದಿದವರು ಕಡಮೆ, ನಂಬಿದವರು ಇನ್ನೂ ಕಡಮೆ. ಆದರೆ ಇಂಪೆಯ ಕಾಗದಪತ್ರಗಳು ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿ ಉಳಿದುವು. ಬಿ. ಎನ್. ಪಾಂಡೆಯವರು 1967ರಲ್ಲಿ ಪ್ರಕಟಿಸಿದ, ಬಂಗಾಳದಲ್ಲಿ ಇಂಪೆಯ ಒಂಬತ್ತು ವರ್ಷಗಳನ್ನು ಕುರಿತ ಗ್ರಂಥವು ಅವನ ಹೆಸರನ್ನು ಇಂಗ್ಲಿಷ್ ಕಾನೂನು ಭಾರತಕ್ಕೆ ಬಂದ ಚರಿತ್ರೆಯೊಡನೆ ಸೇರಿಸಿ ನೋಡುತ್ತದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಮೆಕಾಲೆಯನ್ನು ಓದುವಾಗ ಸ್ಟೀಫನ್, ಬೆವರಿಜ್, ಪಾಂಡೆ ಈ ಮೂವರನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಬೇಕು.